ಪಾರಿಜಾತ ಸೊಸೈಟಿಯ ಬೇವು

ಮಾರ್ಚ್ 2, 2025, ಭಾನುವಾರ

ರಮಿತಾ ಇವತ್ತು ನನಗೊಂದು ಪುಸ್ತಕ ತಂದುಕೊಟ್ಟಳು. ಹಸಿರು ರಟ್ಟು, ಮೇಲೆ ಚಿನ್ನದ ಬಣ್ಣದ ಎಲೆ. ದಿನಾ 'ಇವತ್ತು ನಾನು ಗಮನವಿಟ್ಟು ನೋಡಿದ್ದು ಏನು' ಅಂತ ಅದರಲ್ಲಿ ಬರೆಯಬೇಕಂತೆ. ಯಾರ ಬುದ್ಧಿ ಇದು ಅಂದೆ. "ಕಾಕು ನೇ ಸಬ್ ಕೋ ದಿಯಾ ಹೈ ಮಮ್ಮಿ, ತುಮ್ಹಾರೇ ಲಿಯೇ ಭೀ." ನಾನು ತುಳುವಿನಲ್ಲಿ ಕೇಳುವುದು, ಅವಳು ಹಿಂದಿಯಲ್ಲಿ ಹೇಳುವುದು. ಇಪ್ಪತ್ತನಾಲ್ಕು ವರ್ಷದಿಂದ ನಮ್ಮ ಮನೆಯಲ್ಲಿ ಹೀಗೇ.

ಎಲ್ಲರಿಗೂ ಪುಸ್ತಕ ಹಂಚಿದ ಈ ಕಾಕು, ಅಂದರೆ ಚಿಕ್ಕಮ್ಮ, ಕುಶಲ, ನನ್ನ ಓರಗಿತ್ತಿ. ಇವರ ತಮ್ಮ ಯೋಗೀಶನ ಹೆಂಡತಿ. ಎರಡು ವರ್ಷದ ಹಿಂದೆ ಕಲ್ಯಾಣದಿಂದ ಬಂದು ನಮ್ಮದೇ ಬಿಲ್ಡಿಂಗಿನ ಮೂರನೇ ಮಾಳಿಗೆ ಹಿಡಿದಳು. ಮುಂಬಯಿ ಪಕ್ಕದ ಇಷ್ಟು ದೊಡ್ಡ ಡೊಂಬಿವಲಿಯಲ್ಲಿ ಬೇರೆ ಬಿಲ್ಡಿಂಗೇ ಇರಲಿಲ್ಲ ನೋಡಿ.

ಹಸಿರು ಪುಸ್ತಕವನ್ನು ಹಳೇ ಕುಕ್ಕರಿನ ಪೆಟ್ಟಿಗೆಯೊಳಗೆ ಹಾಕಿ ಅಟ್ಟದ ಮೇಲಿಟ್ಟೆ. ಬರೆಯಲೇಬೇಕೆಂದರೆ ನನ್ನ ಹತ್ತಿರ ಡೈರಿ ಇಲ್ಲವಾ? ವಾಶಿ ಮಾರ್ಕೆಟಿನ ಮಸಾಲೆ ವ್ಯಾಪಾರಿ ಇವರ ಹೋಟೆಲಿಗೆ ವರ್ಷಾವರ್ಷ ಕೊಡುವ ಡೈರಿ. ಪುಟಪುಟದ ಅಡಿಯಲ್ಲೂ ಒಂದು ಮೆಣಸಿನಕಾಯಿಯ ಚಿತ್ರ. ನನಗೆ ಅದೇ ಸರಿ.

ಇವತ್ತು ಗಮನವಿಟ್ಟು ನೋಡಿದ್ದು: ಅಡುಗೆಮನೆ ಕಿಟಕಿಯ ಹೊರಗಿನ ಬೇವಿನ ಮರದಲ್ಲಿ ಒಂದೇ ಒಂದು ಎಲೆ ಇಲ್ಲ. ಹಿಡಿಸೂಡಿಯನ್ನು ತಲೆಕೆಳಗಾಗಿ ನಿಲ್ಲಿಸಿದ ಹಾಗಿದೆ. ಅದರ ಬುಡದಲ್ಲಿ ಕುಶಲ ಏಳು ಹೆಂಗಸರನ್ನು ಚಾಪೆಯ ಮೇಲೆ ಕೂರಿಸಿಕೊಂಡು 'ಬೇವಿನ ನೆರಳನ್ನು ಅನುಭವಿಸಿ' ಅಂತ ಹಿಂದಿಯಲ್ಲಿ ಹೇಳುತ್ತಿದ್ದಳು. ನೆರಳು ಎಲ್ಲುಂಟು ಮಾರಾಯ್ತಿ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಂಟೂ ಜನ ಕಣ್ಣು ಮುಚ್ಚಿ ಕೂತಿದ್ದರು. ಬಿಟ್ಟಿದ್ದರೆ ಕಾಣುತ್ತಿತ್ತು.

ಮಾರ್ಚ್ 11, ಮಂಗಳವಾರ

ಇವತ್ತು ನೋಡಿದ್ದು: ತುದಿತುದಿಯಲ್ಲಿ ಕೆಂಪು. ತಾಮ್ರದ ಚೆಂಬು ಹುಣಸೆಹುಳಿ ಹಾಕಿ ತಿಕ್ಕಿದ ಮೇಲೆ ಬರುವ ಬಣ್ಣ. ನಿನ್ನೆ ಇರಲಿಲ್ಲ.

ಕೆಳಗೆ ಕುಶಲ ಹೇಳುತ್ತಿದ್ದದ್ದು ಕೇಳಿಸಿತು. "ಮರ ಎಲೆ ಬಿಡುವಾಗ ಅಳುವುದಿಲ್ಲ. ನಾವೂ ಹಾಗೆ ಬಿಡಲು ಕಲಿಯಬೇಕು." ಎಂತದು ಬಿಡುವುದು ಇವಳು? ಸ್ಟೇಷನ್ ಮಾರ್ಕೆಟಿನಲ್ಲಿ ಎರಡು ಕಟ್ಟು ಹರಿವೆಗೆ ಹತ್ತು ನಿಮಿಷ ಚೌಕಾಸಿ ಮಾಡುವವಳು.

ರಮಿತಾ ಆಫೀಸಿಗೆ ಹೋಗುವ ಮೊದಲು ಅರ್ಧ ಗಂಟೆ ಕೆಳಗೆ ನಿಂತು ಇದನ್ನೆಲ್ಲ ಫೋನಿನಲ್ಲಿ ಹಿಡಿಯುತ್ತಾಳೆ. ನಾನು ಒಂದು ಬಟ್ಟೆ ಒಣಹಾಕು ಅಂದರೆ ಲೋಕಲ್ ತಪ್ಪುತ್ತದೆ.

ಮಾರ್ಚ್ 30, ಭಾನುವಾರ. ಪಾಡ್ವಾ

ಇಲ್ಲಿಯವರ ಯುಗಾದಿ, ಸೊಸೈಟಿಯ ಗೇಟಿನಲ್ಲಿ ರೇಷ್ಮೆ ಬಟ್ಟೆ ಕಟ್ಟಿದ ಗುಡಿಕೋಲು ಏರಿಸಿದರು. ಕುಶಲ ಬಾಳೆಎಲೆಯಲ್ಲಿ ಬೇವು ಬೆಲ್ಲ ಹಿಡಿದುಕೊಂಡು ನಿಂತಿದ್ದಳು. ಒಬ್ಬೊಬ್ಬರ ಕೈಗೂ ಕೊಟ್ಟು, "ನುಂಗುವ ಅವಸರ ಬೇಡ. ಕಹಿ ನಾಲಗೆಯ ಮೇಲೆ ಸ್ವಲ್ಪ ಹೊತ್ತು ಇರಲಿ, ಅದರ ಜೊತೆ ಇರಿ. ನಮ್ಮ ಅತ್ತೆ ಹೀಗೇ ಹೇಳುತ್ತಿದ್ದರು" ಅಂದಳು.

ನಮ್ಮ ಅತ್ತೆ! ಅಕ್ಕು ಅತ್ತೆ ಹತ್ತೊಂಬತ್ತು ವರ್ಷ ಇದ್ದದ್ದು ನನ್ನ ಮನೆಯಲ್ಲಿ. ಕೊನೆಯ ಎರಡು ವರ್ಷ ಮೀಯಿಸಿದ್ದು ನಾನು. ಇವಳ ಕಲ್ಯಾಣದ ಮನೆಗೆ ವರ್ಷಕ್ಕೊಮ್ಮೆ ನಾಲ್ಕು ದಿನಕ್ಕೆಂದು ಹೋಗುತ್ತಿದ್ದರು, ಅಲ್ಲಿ ನೀರು ಸರಿ ಇಲ್ಲ ಅಂತ ಮೂರೇ ದಿನಕ್ಕೆ ವಾಪಸು. ಅಕ್ಕಿ ಡಬ್ಬಿಗೆ ಹುಳ ಬಾರದ ಹಾಗೆ ಬೇವಿನೆಲೆ ಒಣಗಿಸಿ ಹಾಕುವುದು, ರೇಷ್ಮೆ ಸೀರೆಯ ಮಡಿಕೆಗೆ ಇಡುವುದು, ಮುಸ್ಸಂಜೆಗೆ ಹೊಗೆ ಹಾಕಿ ಸೊಳ್ಳೆ ಓಡಿಸುವುದು, ರಮಿತಾಳ ತಲೆಯ ಹೇನಿಗೆ ಬೇವಿನೆಣ್ಣೆ, ಎಲ್ಲ ನನಗೆ ಕಲಿಸಿದ್ದು. ಆ ಮರ ಕೂಡ ಅತ್ತೆ ಕಂಪೌಂಡಿನ ಮೂಲೆಯಲ್ಲಿ ನೆಟ್ಟದ್ದೇ. ಸೊಸೈಟಿಯ ಹೆಸರು ಪಾರಿಜಾತ, ಪಾರಿಜಾತ ಒಂದೂ ಇಲ್ಲ, ಇರುವುದು ಈ ಬೇವು ಒಂದೇ. ಇಷ್ಟು ವರ್ಷ ಈ ಇಪ್ಪತ್ತೆಂಟು ಮನೆಯವರು ಏನಾದರೂ ಆದರೆ ಬಡಿಯುತ್ತಿದ್ದದ್ದು ನನ್ನ ಬಾಗಿಲು. 'ಜಯಲತಾ ವಹಿನಿ, ಜರಾ ಪಾಲಾ ದ್ಯಾ' ಅಂತ ಎಲೆ ಕೇಳಿಕೊಂಡು ಬರುತ್ತಿದ್ದರು.

ಮತ್ತೆ, ಅತ್ತೆ ಹಾಗೆ ಯಾವತ್ತೂ ಹೇಳಲಿಲ್ಲ. ಅವರು ಹೇಳುತ್ತಿದ್ದದ್ದು ಇಷ್ಟೇ: ಬಾಯಿ ಮುಚ್ಚಿಕೊಂಡು ನುಂಗು.

ಇವರ ಹತ್ತಿರ ಹೇಳಿದೆ. ಹೋಟೆಲಿಗೆ ಹೊರಡುವ ಗಡಿಬಿಡಿಯಲ್ಲಿ ಇದ್ದರು. "ನಿನಗೆ ಅವಳು ಬೆಲ್ಲ ಕೊಟ್ಟರೂ ಕಹಿಯೇ" ಅಂದು ಬೂಟು ಹಾಕಿಕೊಂಡರು.

ಏಪ್ರಿಲ್ 14, ಸೋಮವಾರ. ಬಿಸು

ನಮ್ಮ ತುಳುವರ ಹೊಸ ವರ್ಷ ಇವತ್ತು. ದೇವರ ಮುಂದೆ ಹಣ್ಣು ತರಕಾರಿಯ ಕಣಿ ಇಟ್ಟೆ. ಮರದ ತುಂಬ ಹೂವು, ಸಣ್ಣ ಸಣ್ಣದು, ಬಿಳಿ. ಬೆಳಿಗ್ಗೆ ಐದೂವರೆಗೆ ಕಿಟಕಿ ತೆಗೆದರೆ ಜೇನಿನ ಹಾಗೆ ಪರಿಮಳ, ಏಳು ಗಂಟೆಗೆ ರಿಕ್ಷಾದ ಹೊಗೆಯಲ್ಲಿ ಮುಗಿದೇ ಹೋಗುತ್ತದೆ. ಕುಶಲ ಇಳಿಯುವುದು ಏಳಕ್ಕೆ. ಅವಳಿಗೆ ಈ ಪರಿಮಳ ಗೊತ್ತೇ ಇಲ್ಲ. ನಾನು ಹೇಳುವುದೂ ಇಲ್ಲ.

ಜೂನ್ 19, ಗುರುವಾರ

ಎರಡನೇ ಮಾಳಿಗೆಯ ಸೋನಾಲಿಯ ಮಗಳಿಗೆ ಮೈಮೇಲೆ ಎದ್ದಿದೆಯಂತೆ, ಕಾಂಜಣ್ಯಾ, ನಮ್ಮ ಕಡೆಯ ಕೋಟಲೆ, ಸೀತಾಳೆ ಸಿಡುಬು. ವಿಷಯ ಕಿವಿಗೆ ಬಿದ್ದ ಕೂಡಲೇ ಮಳೆಯಲ್ಲೇ ಇಳಿದು ಎಳೇ ಎಲೆ ಕಿತ್ತು ತಂದೆ. ಮಗುವಿನ ಹಾಸಿಗೆಗೆ ಒಂದು ಕಟ್ಟು, ಬಾಗಿಲಿಗೆ ಒಂದು, ಏಳನೇ ದಿನದ ಸ್ನಾನದ ನೀರಿಗೆ ಒಂದು. ತೊಳೆದು, ಒರೆಸಿ, ಬಾಗಿಲ ಹತ್ತಿರ ಇಟ್ಟುಕೊಂಡು ಕೂತೆ. ಅವಳಾಗೇ ಬರಲಿ ಅಂತ.

ಮೆಟ್ಟಿಲಲ್ಲಿ ಕಾಲಿನ ಸದ್ದು ಕೇಳಿತು. ನಮ್ಮ ಬಾಗಿಲ ಎದುರಿಂದಲೇ ಕುಶಲ ಮೇಲೆ ಹೋದಳು, ಕೈಯಲ್ಲಿ ಬೇವಿನ ಸೊಪ್ಪು, ಹಿಂದೆ ಸೋನಾಲಿ. "ಅಕ್ಕ, ಹುಷಾರಿದ್ದೀಯಾ?" ಅಂತ ಬಾಗಿಲಲ್ಲಿ ಇಣುಕಿದಳು. ನಾನು ಕಟ್ಟುಗಳನ್ನು ಕಾಲಿನಿಂದ ಸೋಫಾದ ಅಡಿಗೆ ತಳ್ಳಿದೆ.

ಹಿತ್ತಲ ಗಿಡ ಮದ್ದಲ್ಲ. ಅದು ಸರಿ. ಆದರೆ ಇವಳೂ ಅದೇ ಹಿತ್ತಲಿನವಳಲ್ಲವಾ? ಇವಳು ಹೇಗೆ ಮದ್ದಾದಳು?

ಹೊಟ್ಟೆಕಿಚ್ಚು ಅಂತ ಬರೆದುಬಿಡುತ್ತೇನೆ. ಮೆಣಸಿನಕಾಯಿ ಡೈರಿಯನ್ನು ಯಾರು ಓದುತ್ತಾರೆ? ಮಗಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ, ಇವರಿಗೆ ಪುರುಸೊತ್ತಿಲ್ಲ.

ಹಣ್ಣು ಉದುರಲು ಶುರುವಾಗಿದೆ. ಅಂಗಳವೆಲ್ಲ ಹಳದಿ, ಅಂಟು. ಬೆಳಿಗ್ಗೆ ಪಿಕಳಾರ ಎರಡು ಬಂದಿದ್ದವು.

ಜುಲೈ 20, ಭಾನುವಾರ

ಗುರುವಾರ ಆಟಿ ಅಮಾವಾಸ್ಯೆ. ಊರಲ್ಲಾದರೆ ಸೂರ್ಯ ಹುಟ್ಟುವ ಮೊದಲು ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಮಾಡಿ ಬರೀ ಹೊಟ್ಟೆಗೆ ಕುಡಿಯುವುದು. ಕಬ್ಬಿಣ ತಾಗಿಸಬಾರದು. ಅತ್ತೆ ಇಲ್ಲಿಗೆ ಬಂದ ಹೊಸತರಲ್ಲಿ ಡೊಂಬಿವಲಿ ಇಡೀ ಪಾಲೆ ಮರ ಹುಡುಕಿದರಂತೆ. ಸಿಗದೆ, 'ಕಹಿಗೆ ಕಹಿ' ಅಂತ ರಸ್ತೆಬದಿಯ ಒಂದು ಬೇವಿನ ತೊಗಟೆಯೇ ಅಂಗೈಯಗಲ ತೆಗೆದರು. ಅಂದಿನಿಂದ ನಮ್ಮ ಮನೆಯ ಆಟಿ ಕಷಾಯ ಬೇವಿನದ್ದೇ. ಅತ್ತೆ ಹೋದ ಮೇಲೆ ನಾನು ಬಿಟ್ಟುಬಿಟ್ಟಿದ್ದೆ.

ಇವತ್ತು ಕುಶಲ ತನ್ನ ಚಾಪೆಯವರಿಗೆ ಸಾರಿದಳು. ಗುರುವಾರ ಬೆಳಿಗ್ಗೆ ಆರಕ್ಕೆ ಎಲ್ಲರೂ ಬನ್ನಿ, ನಮ್ಮ ಅತ್ತೆಯ ಕಷಾಯ ಮಾಡೋಣ, ಪೂರ್ವ ದಿಕ್ಕಿನಿಂದ ಅಂಗೈಯಷ್ಟೇ ತೆಗೆಯೋಣ, ಮರದ ಅಪ್ಪಣೆ ಕೇಳಿ. ರಮಿತಾ ಆಫೀಸಿಗೆ ಅರ್ಧ ದಿನ ರಜೆ ಹಾಕಿದ್ದಾಳೆ, ವಿಡಿಯೋ ಮಾಡಲು. ನನ್ನ ಕಣ್ಣಿನ ಆಪರೇಷನ್ನಿಗೆ ಅವಳಿಗೆ ರಜೆ ಸಿಕ್ಕಿರಲಿಲ್ಲ.

ಜುಲೈ 24, ಗುರುವಾರ

ನಾಲ್ಕೂಮುಕ್ಕಾಲಿಗೆ ಎದ್ದೆ. ಕುಶಲ ಬರುವ ಮೊದಲೇ ಹೋದೆ. ಅತ್ತೆಯ ಗುಂಡುಕಲ್ಲು ಹಿಡಿದುಕೊಂಡು, ತಲೆಗೆ ಪ್ಲಾಸ್ಟಿಕ್ ಕಟ್ಟಿಕೊಂಡು. ಅಂಗೈಯಷ್ಟು ಜಜ್ಜಿ ತೆಗೆದೆ. ಸಾಕಾಗುತ್ತಿತ್ತು. ಆಮೇಲೆ ಅನಿಸಿತು, ಅವಳು ಆರು ಗಂಟೆಗೆ ಬಂದು ಅದರ ಪಕ್ಕದ್ದು ತೆಗೆಯುತ್ತಾಳೆ, ನನ್ನ ಮಗಳು ಅದನ್ನು ಹಿಡಿಯುತ್ತಾಳೆ. ಅವಳ ಕೈಗೆ ಸಿಗಬಾರದು. ಮತ್ತೆ ಸ್ವಲ್ಪ ತೆಗೆದೆ. ಮಳೆಗೆ ನೆನೆದ ತೊಗಟೆ ಸಲೀಸಾಗಿ ಬಿಟ್ಟುಕೊಂಡು ಬರುತ್ತಿತ್ತು. ಸುತ್ತ ತೆಗೆದೆ. ಕೈಗೆ ಎಟಕುವ ಕಡೆ ಒಂದು ಗೇಣು ಎತ್ತರಕ್ಕೆ, ಮರದ ಸೊಂಟದ ಸುತ್ತ, ಬೆರಳಗಲವೂ ಬಿಡದೆ. ಬರಲಿ ಈಗ, ಬಂದು ಬೋಳು ಮರದ ಅಪ್ಪಣೆ ಕೇಳಲಿ.

ಏಳೂವರೆಗೆ ಕಷಾಯ ತಯಾರು. ಓಮ, ಬೆಳ್ಳುಳ್ಳಿ, ಕರಿಮೆಣಸು, ಬೆಣಚುಕಲ್ಲು ಕೆಂಪಗೆ ಕಾಯಿಸಿ ಹಾಕಿದ್ದು. ಹನ್ನೊಂದು ಮನೆಗೆ ಕೊಟ್ಟೆ. ತೊಗಟೆ ಎಲ್ಲಿಂದ ಅಂದವರಿಗೆ ಸುಳ್ಳು ಹೇಳಿದೆ: ಊರಿನ ಅಸಲಿ ಪಾಲೆ, ಮಂಗಳೂರು ಬಸ್ಸಿನಲ್ಲಿ ಪಾರ್ಸೆಲ್ ಬಂತು. 'ಹಮಾರಾ ಓರಿಜಿನಲ್' ಅಂದೆ. ಎಲ್ಲರೂ ಮುಖ ಕಿವುಚಿಕೊಂಡು ಕುಡಿದರು, ಆಮೇಲೆ ನನ್ನ ಮೆಂತೆ ಗಂಜಿಯನ್ನು ಹೊಗಳಿದರು. ಎರಡು ವರ್ಷದ ಮೇಲೆ ಬಾಗಿಲ ಹೊರಗೆ ಅಷ್ಟು ಚಪ್ಪಲಿ ನೋಡಿದೆ.

ಕುಶಲಳೂ ಬಂದಳು. ಮುಖ ಸಣ್ಣದಾಗಿತ್ತು. ಕೊಟ್ಟ ಲೋಟವನ್ನು ನಿಧಾನಕ್ಕೆ ಕೊನೆಯ ತೊಟ್ಟಿನವರೆಗೂ ಕುಡಿದಳು. ನನ್ನನ್ನು ನೋಡಿದಳು. "ಅತ್ತೆ ಮಾಡಿದ ಹಾಗೇ ಇದೆ ಅಕ್ಕ" ಅಂದಳು.

ನನಗೆ ಎಷ್ಟು ಸಂತೋಷವಾಯಿತು ಅಂದರೆ ಎರಡನೇ ಲೋಟವನ್ನೂ ಕೊಟ್ಟೆ.

ಜುಲೈ 26, ಶನಿವಾರ

ಸೆಕ್ರೆಟರಿ ಲಕ್ಷ್ಮೀಕಾಂತ್ ಇವತ್ತು ಕೆಳಗೆ ಎಲ್ಲರನ್ನೂ ಕರೆದರು. ರೈಲ್ವೆಯಿಂದ ರಿಟೈರ್ ಆದ ಮನುಷ್ಯ, ಕೂಗಾಡುವವರಲ್ಲ. ಅವರು ಹೇಳಿದ್ದು ಇಷ್ಟು: ತೊಗಟೆಯನ್ನು ಒಂದು ಕಡೆ ತೆಗೆದರೆ ಮರ ತಡೆಯುತ್ತದೆ, ಪೂರ್ತಿ ಸುತ್ತ ತೆಗೆದರೆ ಸಾಯುತ್ತದೆಯಂತೆ. ಬಿಲ್ಡರುಗಳು ಅಡ್ಡ ಬಂದ ಮರವನ್ನು ಹೀಗೇ ಕೊಲ್ಲುತ್ತಾರಂತೆ.

ನನಗೆ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ.

ಎಲ್ಲರೂ ಕುಶಲಳ ಕಡೆ ನೋಡಿದರು. ತೊಗಟೆ ತೆಗೆಯುತ್ತೇನೆ ಅಂತ ಸಾರಿದವಳು ಅವಳೇ ತಾನೇ. ನನ್ನದು ಮಂಗಳೂರು ಬಸ್ಸಿನಲ್ಲಿ ಬಂದದ್ದು. ಅವಳು ಅಂದಳು, "ನಾನು ಇಳಿಯುವಾಗಲೇ ಹೀಗಿತ್ತು. ಆದರೆ ನನ್ನ ಮಾತು ಕೇಳಿಯೇ ಯಾರೋ ಮಾಡಿದ್ದಾರೆ. ತಪ್ಪು ನನ್ನದೇ." ಲಕ್ಷ್ಮೀಕಾಂತ್ ನೋಟೀಸು ಹಚ್ಚಿದರು: ಇನ್ನು ಮೇಲೆ ಮರದ ಕೆಳಗೆ ಯಾರೂ ಕೂರಬಾರದು.

ನಾನು ಹಿಂದೆ ನಿಂತು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ.

ಚಾಪೆ ಎದ್ದುಹೋಯಿತು. ನನಗೆ ಬೇಕಾದದ್ದೇ ಆಯಿತಲ್ಲ.

ಜುಲೈ 31, ಗುರುವಾರ

ಇವರ ಹೋಟೆಲಿಗೆ ಹೂಕುಂಡ ಕೊಡುವ ಅಂಗಾರ ಅಂತ ಒಬ್ಬರು ಘಣಸೋಲಿಯಲ್ಲಿ ನರ್ಸರಿ ಇಟ್ಟಿದ್ದಾರೆ, ಬಂಟ್ವಾಳ ಕಡೆಯವರು. ಥಾಣೆಯಲ್ಲಿ ಲೋಕಲ್ ಬದಲಿಸಿ ಒಬ್ಬಳೇ ಹೋದೆ. ಫೋನಿನಲ್ಲಿ ಫೋಟೋ ತೋರಿಸಿದೆ.

ತುಂಬಾ ಹೊತ್ತು ನೋಡಿದರು. "ಎಲೆ ಹಸಿರೇ ಉಂಟಲ್ಲ ಅಂತ ನಂಬಬೇಡಿ ಅಕ್ಕ. ಬೇರು ನೀರು ಮೇಲೆ ಕಳಿಸುತ್ತಾ ಇರುತ್ತದೆ. ಎಲೆ ಮಾಡಿದ ಅನ್ನ ಕೆಳಗೆ ಹೋಗುವುದು ತೊಗಟೆಯಲ್ಲಿ. ಅದು ಕಡಿದುಹೋಗಿದೆ. ಮೇಲೆ ನೋಡಿದರೆ ಚಂದ, ಅಡಿಯಲ್ಲಿ ಉಪವಾಸ." ಮತ್ತೆ ಕೇಳಿದರು, "ಯಾರು ಮಾಡಿದ್ದು? ದ್ವೇಷದಲ್ಲಿ ಮಾಡಿದ ಹಾಗಿದೆ."

"ಯಾರೋ. ಆಟಿ ಕಷಾಯಕ್ಕೆ, ಇಲ್ಲಿ ಪಾಲೆ ಸಿಗುವುದಿಲ್ಲವಲ್ಲ" ಅಂದೆ.

ಅಂಗಾರ ನನ್ನ ಮುಖ ನೋಡಿ ರಸ್ತೆಯ ಕಡೆ ಬೆರಳು ತೋರಿಸಿದರು. ಫುಟ್‌ಪಾತಿನ ಉದ್ದಕ್ಕೂ ಸಾಲು ಮರ, ಏಳೇಳು ಎಲೆಯ ಗೊಂಚಲು. "ಅದೆಂತ ಮತ್ತೆ? ಇಲ್ಲಿಯವರು ಸಾತವೀಣ ಅಂತಾರೆ. ನವಿ ಮುಂಬಯಿ ಇಡೀ ನೆಟ್ಟಿದ್ದಾರೆ. ನಿಮ್ಮ ಡೊಂಬಿವಲಿಯಲ್ಲೂ ಉಂಟು."

ಪಾಲೆ. ನಾನು ಎಷ್ಟು ಸಲ ಅದರ ಕೆಳಗೆ ರಿಕ್ಷಾ ಕಾದಿದ್ದೇನೋ. ಅತ್ತೆಯೂ, ನಾನೂ, ಯಾರೂ ಕತ್ತು ಎತ್ತಿ ನೋಡಲಿಲ್ಲ. ನಗು ಬಂತು, ನಗುತ್ತಾ ಇದ್ದ ಹಾಗೆ ಅಳು ಬಂತು, ಆ ಮನುಷ್ಯ ಗಾಬರಿಯಾಗಿ ಸ್ಟೂಲು ಕೊಟ್ಟರು.

ಒಂದು ದಾರಿ ಉಂಟಂತೆ. ಅದೇ ಮರದ ಎಳೇ ಕೊಂಬೆ ಕಡಿದು, ಗಾಯದ ಮೇಲಿನ ತೊಗಟೆಗೆ ಒಂದು ತುದಿ, ಕೆಳಗಿನದಕ್ಕೆ ಒಂದು ತುದಿ ಸೇರಿಸಿ ಸೇತುವೆ ಕಟ್ಟುವುದು. ಹಿಡಿದರೆ ಹಿಡಿಯಿತು. ಭಾನುವಾರ ಬರುತ್ತಾರೆ.

ಆಗಸ್ಟ್ 3, ಭಾನುವಾರ

ಎಂಟು ಸೇತುವೆ. ಸಣ್ಣ ಮೊಳೆ, ಮೇಣ, ಮತ್ತೆ ಸುತ್ತ ಸೆಗಣಿಮಣ್ಣು, ಗೋಣಿಬಟ್ಟೆ. ಲಕ್ಷ್ಮೀಕಾಂತ್ ಒಪ್ಪಿದರು, ಆದರೆ ನಂಬಿಕೆ ಇಲ್ಲ. ಕಡ್ಡಿಗಳನ್ನು ಅಲುಗದ ಹಾಗೆ ಹಿಡಿಯಲು ಒಬ್ಬರು ಬೇಕಿತ್ತು. ನಾನು ಹಿಡಿದೆ, ಕಡ್ಡಿ ಜಾರುತ್ತಲೇ ಇತ್ತು. ಕುಶಲ ಯಾರೂ ಕರೆಯದೆ ಇಳಿದು ಬಂದು ಹಿಡಿದಳು. ಎರಡು ಗಂಟೆ ಮಳೆಯಲ್ಲಿ ನಿಂತಳು. ಅಂಗಾರ ಹೋಗುವಾಗ "ಈ ಅಕ್ಕನ ಕೈ ಭಾರೀ ಗಟ್ಟಿ" ಅಂತ ಅವಳನ್ನು ಹೊಗಳಿದರು.

ಕರೆತಂದದ್ದು ನಾನು. ಹೊಗಳಿಕೆ ಅವಳಿಗೆ. ಇರಲಿ.

ಇವತ್ತು ನೋಡಿದ್ದು: ಮೂರನೇ ಸೇತುವೆ ಸ್ವಲ್ಪ ಓರೆ.

ಸೆಪ್ಟೆಂಬರ್ 17, ಬುಧವಾರ

ಐದು ಹಿಡಿದಿವೆ. ಎರಡು ಕಪ್ಪಾದವು, ಒಂದು ಇನ್ನೂ ಹೇಳಲಾಗುವುದಿಲ್ಲ. ಓರೆಯಾದದ್ದೇ ಎಲ್ಲಕ್ಕಿಂತ ದಪ್ಪವಾಗಿದೆ. ಉಗುರಿನಿಂದ ಒಂಚೂರು ಕೆರೆದು ನೋಡಿದೆ, ಒಳಗೆ ಹಸಿರು.

ದಿನಾ ಬೆಳಿಗ್ಗೆ ಐದೂವರೆಗೆ ಹೋಗುತ್ತೇನೆ. ಗೋಣಿ ಒಣಗಿದ್ದರೆ ನೀರು ಚಿಮುಕಿಸುತ್ತೇನೆ. ಸ್ವಲ್ಪ ಹೊತ್ತು ನಿಂತಿರುತ್ತೇನೆ. ಇರುವೆ ಒಂದು ಸಾಲು ಸೇತುವೆಯ ಮೇಲೇ ದಾಟುತ್ತವೆ, ಪಕ್ಕದಲ್ಲಿ ಬರಿಮರ ಇದ್ದರೂ. ಅಲ್ಲಿ ನಿಂತಾಗ ತಲೆಯಲ್ಲಿ ಏನೂ ಓಡುವುದಿಲ್ಲ. ಯಾಕೆ ಅಂತ ಗೊತ್ತಿಲ್ಲ. ನಿದ್ದೆ ಸಾಲದೆ ಇರಬೇಕು.

ಕುಶಲ ಈಗ ಹೊರಗೆ ಬರುವುದೇ ಕಡಿಮೆ. ಸೋನಾಲಿ ಮೊನ್ನೆ ಎಲೆ ಕೇಳಲು ನನ್ನ ಬಾಗಿಲಿಗೇ ಬಂದಳು. 'ಆ ಕುಶಲ ವಹಿನಿ ಮರವನ್ನೇ ತಿಂದಳು' ಅಂದಳು. ನಾನು ಎಲೆ ಕೊಟ್ಟೆ.

ನವೆಂಬರ್ 9, ಭಾನುವಾರ

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಪಾಲೆ ಹೂ ಬಿಟ್ಟಿದೆ. ತಲೆ ನೋಯುವಷ್ಟು ವಾಸನೆ. ಇನ್ನು ಕಾಣದೆ ಇರುತ್ತದಾ.

ಕುಶಲಳಿಗೆ ತೋರಿಸಬೇಕು ಅನಿಸಿತು. ಹೋಗಲಿಲ್ಲ.

ಫೆಬ್ರವರಿ 22, 2026, ಭಾನುವಾರ

ಹೊಸ ಡೈರಿ, ಅದೇ ವ್ಯಾಪಾರಿ, ಈ ಸಲ ಏಲಕ್ಕಿ ಚಿತ್ರ.

ಮರ ಬೋಳಾಯಿತು. ಹತ್ತು ದಿನದಲ್ಲಿ ಪೂರ್ತಿ. ಬಿಲ್ಡಿಂಗಿನವರೆಲ್ಲ ಸತ್ತುಹೋಯಿತು ಅಂತ ತೀರ್ಮಾನಿಸಿದ್ದಾರೆ. ಮಳೆಗಾಲದಲ್ಲಿ ಗಾಡಿಗಳ ಮೇಲೆ ಬಿದ್ದರೆ ಅಂತ ಹೆದರಿಕೆ. ಬರುವ ಭಾನುವಾರ ಮೀಟಿಂಗ್, ಕಡಿಯಲು ಅರ್ಜಿಗೆ ಸಹಿ ಹಾಕುವುದು.

ಪ್ರತಿ ವರ್ಷ ಈ ದಿನಗಳಲ್ಲಿ ಉದುರುತ್ತದೆ ಅಂದೆ. ಲಕ್ಷ್ಮೀಕಾಂತ್‌ಗೆ ನೆನಪಿಲ್ಲ. ಸೋನಾಲಿಗೆ ನೆನಪಿಲ್ಲ. ಇಪ್ಪತ್ತೆಂಟು ಮನೆ, ಅಷ್ಟಕ್ಕೂ ಕಿಟಕಿ ಉಂಟು. ಕಣ್ಣು ಮುಚ್ಚಿ ಕೂತಿದ್ದ ಏಳು ಜನಕ್ಕಂತೂ ಕೇಳುವುದೇ ಬೇಡ. ರಮಿತಾಳಿಗೆ ಹೋದ ಮಾರ್ಚಿನ ವಿಡಿಯೋ ಹುಡುಕು ಅಂದೆ. ಹುಡುಕಿದಳು ಪಾಪ, ಎರಡು ಗಂಟೆ. ಎಲ್ಲದರಲ್ಲೂ ಕುಶಲಳ ಮುಖವೇ. ಹಿಂದೆ ಒಂಚೂರು ಕಾಂಡ.

ಹೋದ ಮಾರ್ಚಿನಲ್ಲಿ ಮರ ಹೇಗಿತ್ತು ಅಂತ ಬರೆದಿಟ್ಟದ್ದು ಇಡೀ ಡೊಂಬಿವಲಿಯಲ್ಲಿ ಒಂದೇ ಕಡೆ ಉಂಟು. ಮೆಣಸಿನಕಾಯಿ ಡೈರಿಯಲ್ಲಿ.

ಅದರಲ್ಲಿ ಬೇರೆಯೂ ಉಂಟು.

ಮಾರ್ಚ್ 1, ಭಾನುವಾರ

ಇವತ್ತಿನದ್ದು ಪೂರ್ತಿ ಬರೆಯುತ್ತೇನೆ.

ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಅರ್ಜಿ ಹನ್ನೆರಡು ಸಹಿಯವರೆಗೆ ಬಂದಾಗ ನಾನು ಎದ್ದು ನಿಂತೆ. ಸಾಕ್ಷಿ ಏನು ವಹಿನಿ ಅಂದರು ಲಕ್ಷ್ಮೀಕಾಂತ್. ಚೀಲದಿಂದ ಡೈರಿ ತೆಗೆದೆ. ನಾನು ಕನ್ನಡದಲ್ಲಿ ಓದುವುದು, ರಮಿತಾ ಮರಾಠಿಯಲ್ಲಿ ಹೇಳುವುದು. ಅಲ್ಲಿ ಕನ್ನಡ ತಿಳಿದವರು ಮೂರೇ ಜನ, ನಾನು, ಮಗಳು, ಮತ್ತೆ ಕೊನೆಯ ಸಾಲಿನಲ್ಲಿ ಕೂತ ಕುಶಲ. ಇವರು ಹೋಟೆಲಿನಲ್ಲಿ, ಯೋಗೀಶ ಊರಲ್ಲಿ.

ಮಾರ್ಚ್ 2 ಓದಿದೆ. ಒಂದೇ ಒಂದು ಎಲೆ ಇಲ್ಲ, ಹಿಡಿಸೂಡಿಯ ಹಾಗೆ. ಓದುತ್ತಾ ಓದುತ್ತಾ ನಿಲ್ಲಿಸಲು ಗೊತ್ತಾಗದೆ ಬೆಕ್ಕಿನವರೆಗೂ ಓದಿಬಿಟ್ಟೆ. ರಮಿತಾ ಬೆಕ್ಕನ್ನು ನುಂಗಿ ಮರವನ್ನು ಮಾತ್ರ ಹೇಳಿದಳು. ಕಿವಿ ಕೆಂಪಾಗಿತ್ತು ಅವಳದ್ದು. ಕುಶಲ ತಲೆ ತಗ್ಗಿಸಿ ಕೇಳುತ್ತಿದ್ದಳು. ಮಾರ್ಚ್ 11 ಓದಿದೆ, ಕೆಂಪು ಚಿಗುರು. ಜನ ತಮ್ಮತಮ್ಮಲ್ಲೇ ಮಾತಾಡಿಕೊಂಡರು.

ಲಕ್ಷ್ಮೀಕಾಂತ್ ಕೇಳಿದ್ದು ನ್ಯಾಯವೇ. ಹೋದ ವರ್ಷ ತೊಗಟೆ ಇತ್ತು ವಹಿನಿ, ಈಗ ಇಲ್ಲ. ಆಮೇಲಿನದ್ದೂ ಓದಿ.

ಸೇತುವೆ ಹಿಡಿದದ್ದು ಓದಲು ಪುಟ ಮಗುಚಿದೆ. ಜುಲೈ 24 ಬಂತು. ದಾಟಿಸಬಹುದಿತ್ತು. ಬಾಯಿ ತಾನಾಗಿಯೇ ಓದಿತು. "ಕುಶಲ ಬರುವ ಮೊದಲೇ ಹೋದೆ. ಅವಳ ಕೈಗೆ ಸಿಗಬಾರದು. ಸುತ್ತ ತೆಗೆದೆ." ರಮಿತಾ ಮರಾಠಿಗೆ ಬಾಯಿ ತೆಗೆದವಳು ಹಾಗೇ ನಿಂತಳು. ನನ್ನ ಮುಖ ನೋಡಿದಳು. ಆ ನೋಟ ಬರೆಯಲಾರೆ.

ಆಗ ಕೊನೆಯ ಸಾಲಿನಿಂದ ಕುಶಲ ಮೆಲ್ಲಗೆ ಕನ್ನಡದಲ್ಲಿ ಅಂದಳು, "ಆ ಪುಟ ಬಿಡು ಅಕ್ಕ. ಇಲ್ಲಿ ಯಾರಿಗೆ ಅರ್ಥ ಆಗುತ್ತದೆ? ಮುಂದಿನದ್ದು ಓದು."

ಸ್ವರದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಆಗ ಹೊಳೆಯಿತು ನನಗೆ. ಅತ್ತೆ ಮಾಡಿದ ಹಾಗೇ ಇದೆ ಅಂದಿದ್ದಳು. ಅತ್ತೆ ಮಾಡುತ್ತಿದ್ದದ್ದು ಬೇವಿನದ್ದು. ಮೊದಲ ಗುಟುಕಿಗೇ ಅವಳಿಗೆ ಗೊತ್ತಾಗಿತ್ತು. ಎಲ್ಲ ತಿಳಿದೂ ಏಳು ತಿಂಗಳು ಮರ ತಿಂದವಳು ಅನ್ನಿಸಿಕೊಂಡು ಸುಮ್ಮನೆ ಇದ್ದಳು. ಮಳೆಯಲ್ಲಿ ಕಡ್ಡಿ ಹಿಡಿದಳು.

ನಾಚಿಕೆ ಆಯಿತು ಅಂತ ಬರೆದರೆ ಚಂದ. ಸುಳ್ಳು ಯಾಕೆ? ಆ ಗಳಿಗೆಯಲ್ಲಿ ನನಗೆ ಆದದ್ದು ಹೊಟ್ಟೆಕಿಚ್ಚು, ಹಿಂದೆ ಯಾವತ್ತೂ ಆಗದಷ್ಟು. ಇದರಲ್ಲೂ ಇವಳೇ ದೊಡ್ಡವಳಾಗುವುದಾ? ಅತ್ತೆಯ ಹೆಸರು ತೆಗೆದುಕೊಂಡಳು, ಚಾಪೆಯವರನ್ನು ತೆಗೆದುಕೊಂಡಳು, ಈಗ ನನ್ನ ತಪ್ಪನ್ನೂ ತೆಗೆದುಕೊಂಡು ಮನೆಗೆ ಹೋಗುತ್ತಾಳಾ? ಅದು ನನ್ನದು. ಇದೊಂದನ್ನು ಅವಳಿಗೆ ಬಿಟ್ಟುಕೊಡಲಾರೆ ಅನಿಸಿತು.

ಡೈರಿ ಮುಚ್ಚಿ ಎಲ್ಲರಿಗೂ ತಿಳಿಯುವ ಹಿಂದಿಯಲ್ಲಿ ಹೇಳಿದೆ. "ಝಾಡ್ ಮೈನೇ ಛೀಲಾ. ಕುಶಲ ನೇ ನಹೀ. ಮೈನೇ. ಪಾರ್ಸೆಲ್ ಭೀ ಝೂಟ್ ಥಾ."

ಮರ ಸುಲಿದದ್ದು ನಾನು, ಪಾರ್ಸೆಲ್ಲೂ ಸುಳ್ಳು, ಎರಡೂ ಹೇಳಿಬಿಟ್ಟೆ. ಸೋನಾಲಿ ನೆಲ ನೋಡುತ್ತಿದ್ದಳು. ಲಕ್ಷ್ಮೀಕಾಂತ್ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ಪಾಡ್ವಾದವರೆಗೆ ಕಾಯೋಣ, ಹತ್ತೊಂಬತ್ತನೇ ತಾರೀಕಿನವರೆಗೆ, ಆಮೇಲೆ ಒಂದು ದಿನವೂ ಇಲ್ಲ ಅಂದರು.

ಮೆಟ್ಟಿಲು ಹತ್ತುವಾಗ ರಮಿತಾ ನನ್ನ ಚೀಲ ಹಿಡಿದುಕೊಂಡಳು. ಬೀಗ ತೆಗೆಯುವಾಗ ಬೆಕ್ಕಿನ ಮಾತು ಎತ್ತಿದಳು, "ಬಿಲ್ಲಿ ವಾಲಾ ಮೈನೇ ನಹೀ ಬೋಲಾ, ಮಮ್ಮಿ." ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ.

ಮಾರ್ಚ್ 9, ಸೋಮವಾರ

ಏನೂ ಇಲ್ಲ.

ಮಾರ್ಚ್ 11, ಬುಧವಾರ

ಇಲ್ಲ. ಹೋದ ವರ್ಷ ಇವತ್ತು ಬಂದಿತ್ತು.

ಮಾರ್ಚ್ 14, ಶನಿವಾರ

ಬೆಳಿಗ್ಗೆ ಹಾಲು ಕಾಯಿಸುವಾಗ ಕಂಡಿತು. ಓರೆ ಸೇತುವೆಯ ನೇರ ಮೇಲಿನ ಕೊಂಬೆ, ತುದಿಯಲ್ಲಿ ಕೆಂಪು. ಒಂದಲ್ಲ, ಮೂರು ಕಡೆ. ಹಾಲು ಉಕ್ಕಿ ಒಲೆಯೆಲ್ಲ ಹಾಳಾಯಿತು. ಮೊದಲು ನೋಡಿದ್ದು ನಾನು. ಇಡೀ ಬಿಲ್ಡಿಂಗಿನಲ್ಲಿ ನಾನು.

ಮೂರನೇ ಮಾಳಿಗೆಗೆ ಹೋಗಿ ಕುಶಲಳನ್ನು ಚಹಾಕ್ಕೆ ಕರೆದೆ. ಹದಿಮೂರು ದಿನದ ಮೇಲೆ ಮಾತು. ಬಂದಳು. ಕಿಟಕಿಗೆ ಎದುರಾಗಿ ಸ್ಟೂಲು ಕೊಟ್ಟು, ನಾನು ಕಿಟಕಿಗೆ ಬೆನ್ನು ಹಾಕಿ ನಿಂತೆ. ಗೋಳಿಬಜೆ ಚೆನ್ನಾಗಿದೆ ಅಂದಳು. ಯೋಗೀಶನ ಮಂಡಿನೋವಿನ ಕತೆ ಹೇಳಿದಳು. ಸ್ಟೇಷನ್ ದಾರಿಯ ಪಾಲೆ ಮರದ ಬಗ್ಗೆ ನಾನು ಹೇಳಿದೆ, ಬಾಯಿ ಬಿಟ್ಟು ಕೇಳಿದಳು. ಅರ್ಧ ಲೋಟ ಮುಗಿಯಿತು, ಹೊರಗೆ ನೋಡಲೇ ಇಲ್ಲ. ಗಮನ, ಗಮನ ಅಂತ ಊರಿಗೆಲ್ಲ ಹೇಳುವವಳು.

"ಆ ಪರದೆ ಒಂಚೂರು ಸರಿಸು, ಸೆಕೆ" ಅಂದೆ.

ಸರಿಸಿದಳು. ಲೋಟ ಕೆಳಗಿಟ್ಟಳು. ಎದ್ದು ನಿಂತಳು.

"ಅಕ್ಕ, ಅಲ್ಲಿ ನೋಡು."

"ಎಲ್ಲಿ?" ಅಂದೆ.